ಒಂಬತ್ತನೇ ತರಗತಿ ಹಿಂದಿ: ಆಲಿಸುವಿಕೆ, ಓದು ಎರಡನ್ನೂ ಸರಿಯಾಗಿ ಅಳೆಯುವುದು ಹೇಗೆ?

ತೃತೀಯಭಾಷೆ_ಹಾವೇರಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮ ಪ್ರೌಢಶಾಲೆ, ಒಂಬತ್ತನೇ ತರಗತಿಯಲ್ಲಿ 46 ಮಕ್ಕಳು. ಆರನೇ ತರಗತಿಯಿಂದ ಹಿಂದಿ ತೃತೀಯ ಭಾಷೆ. ಎಸೆಸೆಲ್ಸಿಯಲ್ಲಿ 80 ಅಂಕ ಲಿಖಿತ ಪರೀಕ್ಷೆಗೇ ಹೋಗುವುದರಿಂದ, ಕೇಳುವುದಕ್ಕೂ ಗಟ್ಟಿಯಾಗಿ ಓದುವುದಕ್ಕೂ ಜಾಗ ಇರುವುದು ಆಂತರಿಕ ಮೌಲ್ಯಮಾಪನದಲ್ಲಿ ಮಾತ್ರ. ಅದಕ್ಕೆ ಈಗಿನಿಂದಲೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಆಲಿಸುವಿಕೆಗೆ 10, ಓದಿಗೆ 10 ಅಂಕ ಇಟ್ಟುಕೊಂಡಿದ್ದೇನೆ.

ಪಠ್ಯದ ಒಂದು ಗದ್ಯಭಾಗವನ್ನು ನಾನು ಓದುವುದು, ಮಕ್ಕಳು 5 ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಬರೆಯುವುದು. ಓದಿಗೆ ಒಬ್ಬೊಬ್ಬರನ್ನು ಎದ್ದು ನಿಲ್ಲಿಸಿ ನಾಲ್ಕು ಸಾಲು ಓದಿಸುವುದು. ಈಗ ನಡೆಯುತ್ತಿರುವುದು ಇಷ್ಟೇ. ಬರವಣಿಗೆಯಲ್ಲಿ ಚುರುಕಾದವರಿಗೇ ಮೂರೂ ಕಡೆ ಅಂಕ. ಮನೆಯಲ್ಲಿ ಉರ್ದು ಮಾತಾಡುವ ಆರು ಮಕ್ಕಳಿಗೆ ಹಿಂದಿಯಲ್ಲಿ ಏನು ಹೇಳಿದರೂ ತಕ್ಷಣ ತಿಳಿಯುತ್ತದೆ, ಆದರೆ ಆಲಿಸುವಿಕೆಯಲ್ಲಿ 10ಕ್ಕೆ 3 ಬರುತ್ತದೆ. ಎಲ್ಲಿ ಎಡವುತ್ತಿದ್ದೇನೆ?

---

ಆಲಿಸು_ಓದು

ಮೇಡಂ, ಆ ಆರು ಮಕ್ಕಳ ಅಂಕದಲ್ಲೇ ಉತ್ತರ ಇದೆ. ಕೇಳಿದ್ದು ಅವರಿಗೆ ತಿಳಿಯುತ್ತಿದೆ, ಅದನ್ನು ದೇವನಾಗರಿಯಲ್ಲಿ ಬರೆಯುವಾಗ ಸೋಲುತ್ತಿದ್ದಾರೆ. ಹೆಸರಿಗೆ ಕಿವಿಯ ಪರೀಕ್ಷೆ, ಅಂಕ ಹೋಗುತ್ತಿರುವುದು ಕೈಗೆ. ಪಠ್ಯದ ಭಾಗವನ್ನೇ ಓದಿದರೆ ಇನ್ನೊಂದು ತೊಂದರೆ: ನೋಟ್ಸ್ ಬಾಯಿಪಾಠ ಮಾಡಿದವರು ಕಿವಿ ಮುಚ್ಚಿಕೊಂಡರೂ ಉತ್ತರ ಬರೆಯುತ್ತಾರೆ. ಹಾಗಾಗಿ ಕೇಳಿಸುವ ಭಾಗ ಹಿಂದೆ ಕೇಳದ್ದಾಗಿರಬೇಕು, ಉತ್ತರ ಕೊಡಲು ಹಿಂದಿ ಬರೆಯುವ ಅಗತ್ಯ ಇರಬಾರದು. ಗುರುತು ಹಾಕುವುದು, ಅಂಕಿ ಬರೆಯುವುದು, ಕನ್ನಡದಲ್ಲಿ ಒಂದು ಪದ ಬರೆಯುವುದು ಸಾಕು.

10 ಅಂಕವನ್ನು 3+3+4 ಎಂದು ಒಡೆಯಿರಿ.

ಮೊದಲ 3 ಅಂಕ ಧ್ವನಿಗೆ: ಆರು ಜೋಡಿ, ತಲಾ ಅರ್ಧ ಅಂಕ. ಸಾತ್–ಸಾಥ್, ಪಲ್–ಫಲ್, ದಾನ್–ಧಾನ್, ಬೇಲ್–ಬೈಲ್, ಓರ್–ಔರ್, ಪಡ್‌ನಾ–ಪಢ್‌ನಾ. ನೀವು ಜೋಡಿಯಲ್ಲಿ ಒಂದನ್ನು ಎರಡು ಸಲ ಹೇಳುತ್ತೀರಿ. ಮಗುವಿನ ಹಾಳೆಯಲ್ಲಿ ‘ಏಳು / ಜೊತೆ’, ‘ಬಳ್ಳಿ / ಎತ್ತು’ ಎಂದು ಕನ್ನಡ ಅರ್ಥವಿರುತ್ತದೆ, ಸರಿಯಾದ್ದಕ್ಕೆ ಸುತ್ತು ಹಾಕಬೇಕು. ವಾಕ್ಯದಲ್ಲಿ ಸೇರಿಸಿ ಹೇಳಬೇಡಿ, ಸಂದರ್ಭವೇ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ಮಕ್ಕಳಿಗೆ ಇವು ಕಷ್ಟವಾಗಲು ಕಾರಣವಿದೆ. ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲ, ಬರಹದಲ್ಲಿ ಇದ್ದಷ್ಟು ಬಾಯಲ್ಲಿ ಇರುವುದಿಲ್ಲ. ಹಿಂದಿಯ ಐ ನಮ್ಮ ಐ ಅಲ್ಲ. ಹಿಂದಿಯವರ ಬಾಯಲ್ಲಿ ಬೈಲ್ ಎಂಬುದು ‘ಬ್ಯಾಲ್’ಗೆ ಹತ್ತಿರ, ‘ಬೈಲು’ ಎಂದು ಕಾದ ಮಗುವಿಗೆ ಅದು ಗೊತ್ತಿಲ್ಲದ ಪದದಂತೆ ಕೇಳಿಸುತ್ತದೆ. ಮೊದಲು ನಿಮ್ಮ ಉಚ್ಚಾರಣೆಯನ್ನು ಫೋನಿನಲ್ಲಿ ಮುದ್ರಿಸಿ ಕೇಳಿ. ವ್ಯತ್ಯಾಸ ಸ್ಪಷ್ಟವಾಗದ ಜೋಡಿಯನ್ನು ಕೈಬಿಡಿ.

ಮುಂದಿನ 3 ಅಂಕ ಸಂಖ್ಯೆ, ಸಮಯಕ್ಕೆ. ಕೇಳುವಿಕೆ ನಿಜವಾಗಿ ಗೊತ್ತಾಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ‘ಕಲ್ ಸ್ಕೂಲ್ ಪೌನೇ ಆಠ್ ಬಜೇ ಖುಲೇಗಾ’ ಎಂದು ಹೇಳಿ, 7:45, 8:15, 8:45 ಎಂಬ ಮೂರು ಆಯ್ಕೆ ಕೊಡಿ. ನಾವು ‘ಏಳೂ ಮುಕ್ಕಾಲು’ ಎಂದು ಆಗಿಹೋದ ಗಂಟೆಯಿಂದ ಎಣಿಸುತ್ತೇವೆ, ಹಿಂದಿಯಲ್ಲಿ ಬರಲಿರುವ ಗಂಟೆಗೆ ಕಾಲು ಕಡಿಮೆ ಎನ್ನುತ್ತಾರೆ. 8:45 ಆರಿಸಿದ ಮಗು ‘ಪೌನೇ’ಯನ್ನು ಮುಕ್ಕಾಲು ಎಂದು ಗುರುತಿಸಿದೆ, ಕನ್ನಡದ ಲೆಕ್ಕ ಹಾಕಿದೆ. 8:15 ಆರಿಸಿದ್ದು ‘ಸವಾ’ದೊಂದಿಗೆ (ಕಾಲು ಹೆಚ್ಚು) ಬೆರೆಸಿದೆ. ತಪ್ಪು ಉತ್ತರವೂ ಏನಾದರೂ ಹೇಳುವಂತೆ ಆಯ್ಕೆಗಳಿರಬೇಕು. ‘ಸಾಢೇ’ (ಅರ್ಧ ಹೆಚ್ಚು) ಒಂದನ್ನೇ ಕಲಿತವರು ಡೇಢ್ (ಒಂದೂವರೆ), ಢಾಈ (ಎರಡೂವರೆ) ಬಂದಾಗ ತಡವರಿಸುತ್ತಾರೆ, ಅದನ್ನೂ ಹಾಕಿ. ಸಂಖ್ಯೆಗಳಲ್ಲಿ ಉನ್‌ತೀಸ್ (29), ಉನ್‌ತಾಲೀಸ್ (39) ಇರಲೇಬೇಕು. ‘ತಾಲೀಸ್’ ಮಾತ್ರ ಕಿವಿಗೆ ಬಿದ್ದವರು 39ರ ಬದಲು 49 ಬರೆಯುತ್ತಾರೆ. ಪಚ್ಚೀಸ್–ಪಚಾಸ್ (25–50) ಕೂಡ ಒಳ್ಳೆಯ ಜೋಡಿ.

ಕೊನೆಯ 4 ಅಂಕ ಒಂದು ಸಂಭಾಷಣೆಗೆ ಅಥವಾ ಪ್ರಕಟಣೆಗೆ. ಉದ್ದ 100–120 ಪದ, ವೇಗ ನಿಮಿಷಕ್ಕೆ 90–100 ಪದ. ಅದಕ್ಕಿಂತ ನಿಧಾನವಾಗಿ ಬಿಡಿಬಿಡಿಯಾಗಿ ಓದಿದರೆ ಅದು ಉಕ್ತಲೇಖನವಾಗುತ್ತದೆ. ಒಂದು ಪ್ರಶ್ನೆ ಒಟ್ಟಾರೆ ವಿಷಯದ ಮೇಲೆ, ಎರಡು ವಿವರದ ಮೇಲೆ, ಒಂದು ಊಹೆಯ ಮೇಲೆ. ಊಹೆಗೆ ಹಿಂದಿಯ ವ್ಯಾಕರಣವೇ ಸಾಮಗ್ರಿ ಕೊಡುತ್ತದೆ. ‘ಮೈಂ ಮಾಮಾ ಕೇ ಘರ್ ಜಾ ರಹೀ ಹೂಂ’: ಮಾತಾಡುತ್ತಿರುವುದು ಹುಡುಗನೋ ಹುಡುಗಿಯೋ? ಕನ್ನಡದ ‘ಹೋಗುತ್ತಿದ್ದೇನೆ’ಯಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ನಮ್ಮ ಮಕ್ಕಳ ಕಿವಿ ‘ರಹಾ–ರಹೀ’ಯನ್ನು ಗಮನಿಸುವುದಿಲ್ಲ. ಎಲ್ಲ ಪಾತ್ರಗಳನ್ನೂ ಒಬ್ಬರದೇ ದನಿಯಲ್ಲಿ ಓದಿ, ಇಲ್ಲವಾದರೆ ದನಿಯೇ ಉತ್ತರ ಹೇಳಿಬಿಡುತ್ತದೆ. ‘ಕಲ್’ ಇನ್ನೊಂದು. ‘ಕಲ್ ಆಏ ಥೇ’, ‘ಕಲ್ ಆಏಂಗೇ’ ಎರಡರಲ್ಲಿ ನಿನ್ನೆ ಯಾವುದು, ನಾಳೆ ಯಾವುದು ಎಂಬುದು ಕ್ರಿಯಾಪದ ಕೇಳಿಸಿಕೊಂಡವರಿಗೆ ಮಾತ್ರ ಗೊತ್ತು.

ನಡೆಸುವಾಗ ಪ್ರಶ್ನೆಹಾಳೆ ಮೊದಲೇ ಕೊಟ್ಟು ಒಂದು ನಿಮಿಷ ಓದಲು ಬಿಡಿ. ಮೊದಲ ಸಲ ಓದುವಾಗ ಪೆನ್ನು ಕೆಳಗೆ. ಅರ್ಧ ನಿಮಿಷ ಬಿಟ್ಟು ಎರಡನೇ ಸಲ ಓದಿ, ಆಗ ಬರೆಯಲಿ. ಮೂರನೇ ಸಲ ಬೇಡ. ಒಟ್ಟು 20–25 ನಿಮಿಷದಲ್ಲಿ ಮುಗಿಯುತ್ತದೆ.

ಮುಂಚಿತವಾಗಿ ಇನ್ನೊಂದು ಕೆಲಸ ಮಾಡಿ. ಸಂಭಾಷಣೆಯನ್ನು ಕೇಳಿಸದೆ ಬರೀ ಪ್ರಶ್ನೆಗಳನ್ನು ಬೇರೆ ವಿಭಾಗದ ಹತ್ತು ಮಕ್ಕಳಿಗೆ ಕೊಡಿ. ಮೂರು ಆಯ್ಕೆಯಿದ್ದರೆ ಕುರುಡು ಗುರಿಯಿಂದಲೇ ಮೂರು–ನಾಲ್ಕು ಮಂದಿಗೆ ಸರಿಯಾಗುತ್ತದೆ. ಆರೇಳು ಮಂದಿಗೆ ಸರಿಯಾದರೆ ಆ ಪ್ರಶ್ನೆಗೆ ಕಿವಿಯೇ ಬೇಕಾಗಿಲ್ಲ, ತೆಗೆದುಹಾಕಿ.

---

ಬೀದರ್_ಹಿಂದಿ

ಓದಿನ ಬಗ್ಗೆ ನಾನು ಹೇಳುತ್ತೇನೆ. ಗಟ್ಟಿಯಾಗಿ ಓದುವುದು ಒಂದು ಕೌಶಲ, ಮನಸ್ಸಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು ಇನ್ನೊಂದು. 5+5 ಮಾಡಿ.

ಅದಕ್ಕೂ ಮೊದಲು, ಅಕ್ಷರವೇ ಗಟ್ಟಿಯಾಗದವರನ್ನು ಬೇರೆ ಗುರುತಿಸಿ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಓದಿನ ಪರಿಕರ ಹಿಂದಿಯಲ್ಲೂ ಇದೆ: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಎಂಬ ನಾಲ್ಕು ಮೆಟ್ಟಿಲು. ಪ್ಯಾರಾದಿಂದ ಶುರು ಮಾಡಿ, ಸರಾಗವಾಗಿ ಓದಿದರೆ ಕಥೆಗೆ ಹತ್ತಿ, ತೊದಲಿದರೆ ಪದಕ್ಕೆ ಇಳಿಯಿರಿ. ಪ್ಯಾರಾ ಓದಲಾಗದ ಮಗುವಿಗೆ ಅಪಠಿತ ಗದ್ಯಾಂಶ (ಹಿಂದೆ ಓದದ ಗದ್ಯಭಾಗ) ಕೊಟ್ಟು ಸೊನ್ನೆ ಹಾಕುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆ ಮಕ್ಕಳ ತಪ್ಪುಗಳನ್ನು ಬರೆದಿಟ್ಟುಕೊಳ್ಳಿ, ಹೆಚ್ಚಿನವು ಕನ್ನಡ ಲಿಪಿಯ ರೂಢಿಯಿಂದ ಬಂದವು. ನಮ್ಮಲ್ಲಿ ಮೊದಲ ವ್ಯಂಜನ ಪೂರ್ತಿ, ಎರಡನೆಯದು ಒತ್ತು. ದೇವನಾಗರಿಯಲ್ಲಿ ಮೊದಲನೆಯದೇ ಅರ್ಧ. ಹಿಂದಿಯ ಹ್ರಸ್ವ ಇ ಮಾತ್ರೆ ವ್ಯಂಜನದ ಎಡಕ್ಕೆ ಕೂರುತ್ತದೆ. ‘ಶಕ್ತಿ’ಯಲ್ಲಿ ಅದು ಕಕಾರದ ಮುಂದೆ ಕಾಣುವುದರಿಂದ ಮಗು ‘ಶಕಿತ’ ಎನ್ನುತ್ತದೆ. ನಮ್ಮ ಅರ್ಕಾವತ್ತು ಅಕ್ಷರದ ಬಲಕ್ಕೆ, ಅಲ್ಲಿ ತಲೆಯ ಮೇಲೆ. ಜೊತೆಗೆ ನೋಟಕ್ಕೆ ಒಂದೇ ತರಹ ಇರುವ ಘ–ಧ, ಭ–ಮ, ಥ–ಯ, ಬ–ವ.

ಗಟ್ಟಿ ಓದು: ಹಿಂದೆ ನೋಡದ 100–120 ಪದಗಳ ಭಾಗ, ಮೇಜಿನ ಪಕ್ಕ ಒಬ್ಬರೇ ಬಂದು ಓದಬೇಕು. ತರಗತಿಯ ಎದುರು ನಿಲ್ಲಿಸಿದರೆ ನಾಚಿಕೆಯ ಮಗು ಬಲ್ಲದ್ದನ್ನೂ ಓದುವುದಿಲ್ಲ, ಹತ್ತನೆಯವನಿಗೆ ಆ ಸಾಲು ಕೇಳಿಯೇ ಬಾಯಿಗೆ ಬಂದಿರುತ್ತದೆ. ಒಂದೇ ಮಟ್ಟದ ಮೂರು ಭಾಗಗಳನ್ನು ಸರದಿಯಲ್ಲಿ ಕೊಡಿ. ನಿಮ್ಮ ಪ್ರತಿಯಲ್ಲಿ ತಪ್ಪಿದ ಪದದ ಮೇಲೆ ಗೆರೆ ಎಳೆಯಿರಿ. ಬೇರೆ ಪದ ಓದಿದರೆ ತಪ್ಪು, ಬಿಟ್ಟರೆ ತಪ್ಪು. 3 ಸೆಕೆಂಡು ತಡೆದರೆ ನೀವೇ ಹೇಳಿಕೊಟ್ಟು ತಪ್ಪೆಂದು ಎಣಿಸಿ. ತಾನೇ ತಿದ್ದಿಕೊಂಡರೆ ತಪ್ಪಲ್ಲ.

ಅಂಕ: 100 ಪದಕ್ಕೆ 5ಕ್ಕಿಂತ ಕಡಿಮೆ ತಪ್ಪಿದ್ದರೆ 2, 5ರಿಂದ 10ಕ್ಕೆ 1, ಮೇಲಾದರೆ 0. ಪದಗುಚ್ಛಕ್ಕೆ 1: ‘ರಾಮ್ ಕೇ ಘರ್ ಮೇಂ’ ಒಂದೇ ಉಸಿರಿಗೆ ಬರಬೇಕು, ‘ರಾಮ್… ಕೇ ಘರ್… ಮೇಂ’ ಎಂದು ಒಡೆಯುವ ಮಗು ಅಕ್ಷರ ಓದುತ್ತಿದೆ, ವಾಕ್ಯ ಓದುತ್ತಿಲ್ಲ. ಓದಿದ್ದರ ತಿರುಳನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಿದರೆ 2. ವೇಗಕ್ಕೆ ಅಂಕ ಬೇಡ, ಕೊಟ್ಟರೆ ಓಟ ಶುರುವಾಗುತ್ತದೆ. ಆದರೆ ಮೊದಲ ನಿಮಿಷದಲ್ಲಿ ಓದಿದ ಪದಗಳಿಂದ ತಪ್ಪನ್ನು ಕಳೆದು ಬರೆದಿಡಿ. 62 ಓದಿ 7 ತಪ್ಪಿದರೆ 55. ಜುಲೈನ 55 ಜನವರಿಯಲ್ಲಿ ಎಷ್ಟಾಯಿತು ಎಂದು ಅದೇ ಮಗುವಿನೊಂದಿಗೇ ಹೋಲಿಸಿ, ಪಕ್ಕದವನೊಂದಿಗಲ್ಲ.

ಮೌನ ಓದಿಗೆ ಭಾಗ ಆರಿಸುವಾಗ ಮಧ್ಯಮ ಮಟ್ಟದ ಐದು ಮಕ್ಕಳಿಗೆ ಕೊಟ್ಟು ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಲು ಹೇಳಿ. 100ಕ್ಕೆ ಐದಾರಕ್ಕಿಂತ ಹೆಚ್ಚಾದರೆ ಅದು ಈ ತರಗತಿಗೆ ಭಾರ. ಇಲ್ಲಿ ಸಾಮಾನ್ಯ ಮೋಸವೆಂದರೆ ನಕಲು ಉತ್ತರ: ಪ್ರಶ್ನೆಯ ಒಂದು ಪದವನ್ನು ಗದ್ಯದಲ್ಲಿ ಹುಡುಕಿ ಆ ಇಡೀ ಸಾಲನ್ನು ಇಳಿಸುವುದು. ಗದ್ಯದಲ್ಲಿ ‘ದುಕಾನ್ ರವಿವಾರ್ ಕೋ ಬಂದ್ ರಹ್ತೀ ಹೈ’ ಎಂದಿದ್ದರೆ, ‘ಯಾವ ದಿನ ಹೋದವರು ಬರಿಗೈಲಿ ವಾಪಸ್ ಬರಬೇಕು?’ ಎಂದು ಕೇಳಿ.

ಕನ್ನಡದ ಬಲದಿಂದ ಊಹಿಸುವವರನ್ನು ಹಿಡಿಯಲು ಒಂದು ಪದ ಸಾಕು. ಹಿಂದಿಯ ಅವಸರ್ ನಮ್ಮ ಅವಕಾಶ, ಹಿಂದಿಯ ಅವಕಾಶ್ ನಮ್ಮ ರಜೆ. ಶಿಕ್ಷಾ ಎಂದರೆ ವಿದ್ಯೆ, ಉಪನ್ಯಾಸ್ ಎಂದರೆ ಕಾದಂಬರಿ, ಆಲೋಚನಾ ಎಂದರೆ ಟೀಕೆ. ‘ಉಸೇ ಶಹರ್ ಮೇಂ ಪಢ್‌ನೇ ಕಾ ಅವಸರ್ ಮಿಲಾ’ ಎಂಬುದನ್ನು ‘ಅವನಿಗೆ ಓದಲು ಅವಸರ’ ಎಂದು ತಿಳಿಯುವ ಮಗು ಸಂದರ್ಭ ನೋಡುತ್ತಿಲ್ಲ. ಇಂಥದ್ದು ಒಂದು ಗದ್ಯಕ್ಕೆ ಒಂದೇ ಇರಲಿ, ಹೆಚ್ಚಾದರೆ ಓದಿನ ಪರೀಕ್ಷೆ ಶಬ್ದಕೋಶದ ಪರೀಕ್ಷೆಯಾಗುತ್ತದೆ.

ನಿಮ್ಮ ಆರು ಮಕ್ಕಳಿಗೆ ಸಮಾನ ಮಟ್ಟದ ಎರಡು ಭಾಗ ಆರಿಸಿ, ಒಂದನ್ನು ಅವರೇ ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಕೇಳಿದ್ದರಲ್ಲಿ 5ಕ್ಕೆ 5, ಓದಿದ್ದರಲ್ಲಿ 1 ಬಂದರೆ ಭಾಷೆ ಇದೆ, ಲಿಪಿ ಇಲ್ಲ. ನಮ್ಮ ಗಡಿಭಾಗದ ಮರಾಠಿ ಮಕ್ಕಳಲ್ಲಿ ಇದು ತಿರುವುಮುರುವು: ದೇವನಾಗರಿ ನೀರು ಕುಡಿದಂತೆ ಓದುತ್ತಾರೆ, ಅರ್ಥ ಅರ್ಧಂಬರ್ಧ. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಮಾಡಿದರೆ ಇಬ್ಬರಿಗೂ ಹಿಡಿಸುವುದಿಲ್ಲ.

---

ತೃತೀಯಭಾಷೆ_ಹಾವೇರಿ

ಇಬ್ಬರಿಗೂ ಧನ್ಯವಾದ ಸರ್. ಒಂದು ಸಂಶಯ: ಬಹಳ ಮಕ್ಕಳು ರಾಮ್, ಕಮಲ್ ಎನ್ನುವಲ್ಲಿ ರಾಮ, ಕಮಲ ಎಂದೂ ‘ಲಡ್‌ಕಾ’ ಎನ್ನುವಲ್ಲಿ ‘ಲಡಕಾ’ ಎಂದೂ ಓದುತ್ತಾರೆ. ತಪ್ಪೆಂದು ಎಣಿಸಲೇ?

---

ಬೀದರ್_ಹಿಂದಿ

ಎಣಿಸಬೇಡಿ ಮೇಡಂ. ಕನ್ನಡದಲ್ಲಿ ಬರೆದ ಅಕಾರವನ್ನೆಲ್ಲ ಉಚ್ಚರಿಸುತ್ತೇವೆ, ಹಿಂದಿಯಲ್ಲಿ ಬರೆದರೂ ಕೊನೆಯಲ್ಲಿ, ಕೆಲವೆಡೆ ನಡುವೆಯೂ ಬಿಡುತ್ತಾರೆ. ಬಿಡಬೇಕೆಂದು ತೋರಿಸುವ ಗುರುತು ಬರಹದಲ್ಲಿಲ್ಲ. ಪ್ರತಿ ಪದಕ್ಕೂ ಕಳೆದರೆ ಚೆನ್ನಾಗಿ ಓದುವ ಮಗುವಿಗೂ ಸೊನ್ನೆ ಬರುತ್ತದೆ. ‘ಕೊನೆಯ ಅ’ ಎಂದು ಬದಿಯಲ್ಲಿ ಒಂದೇ ಸಲ ಬರೆದಿಟ್ಟು ತರಗತಿಯಲ್ಲಿ ತಿದ್ದಿ. ನುಕ್ತಾದ (ಅಕ್ಷರದ ಕೆಳಗೆ ಚುಕ್ಕೆಯಿರುವ) ಜ, ಫಗಳಿಗೂ ಕಳೆಯಬೇಡಿ. ಅರ್ಥ ಕೆಡಿಸುವ ದಿನ್–ದೀನ್, ಮೇಂ–ಮೈಂ ಅಂಥವನ್ನು ಮಾತ್ರ ಎಣಿಸಿ.

---

ಪ್ರಶ್ನೆಪತ್ರಿಕೆ

ಮೇಲಿನ ಉದಾಹರಣೆಗಳಂತೆ ಪ್ರಶ್ನೆಗಳು ಕನ್ನಡದಲ್ಲಿರುವುದನ್ನು ಒಂಬತ್ತನೇ ತರಗತಿಗೆ ಒಪ್ಪುತ್ತೇನೆ, ಹತ್ತಕ್ಕೆ ಒಪ್ಪಲಾರೆ. ಮುಂದೆ ಪ್ರಶ್ನೆಯನ್ನೂ ಹಿಂದಿಯಲ್ಲೇ ಓದಬೇಕಾದ ಮಕ್ಕಳಿಗೆ ಕೊನೆಯ ವರ್ಷವೂ ಕನ್ನಡ ಪ್ರಶ್ನೆ ಕೊಟ್ಟರೆ ‘ಕಬ್’ (ಯಾವಾಗ) ಮತ್ತು ‘ಕಹಾಂ’ (ಎಲ್ಲಿ) ಅದಲುಬದಲು ಮಾಡಿಕೊಂಡೇ ಪರೀಕ್ಷೆಗೆ ಹೋಗುತ್ತಾರೆ. ಕಬ್, ಕಹಾಂ, ಕ್ಯೋಂ, ಕೈಸೇ, ಕಿಸ್‌ನೇ, ಕಿತ್‌ನೇ ಇವನ್ನು ಮೊದಲು ಬೇರೆಯಾಗಿ ಪರೀಕ್ಷಿಸಿ, ಆಮೇಲೆ ಪ್ರಶ್ನೆ ಹಿಂದಿಯಲ್ಲಿ, ಉತ್ತರ ಗುರುತಿನಲ್ಲಿ ಇರಲಿ.

ಫೋನಿನ ಸ್ಪೀಕರ್ 46 ಮಕ್ಕಳ ಕೋಣೆಗೆ ಸಾಲದು. ಹಿಂದಿನ ಬೆಂಚಿಗೆ ಮಹಾಪ್ರಾಣ ಮೊದಲು ಕಳೆದುಹೋಗುತ್ತದೆ, ಅವರ ತಪ್ಪು ಹಿಂದಿಯದೋ ಸದ್ದಿನದೋ ಹೇಳಲಾಗದು. 23–23 ಮಾಡಿ, ಫ್ಯಾನ್ ಆರಿಸಿ, ಶೀಟಿನ ಮಾಡಿದ್ದರೆ ಮಳೆಯ ದಿನ ಮುಂದೂಡಿ. ಕೋಣೆಯ ನಡುವೆ ನಿಂತು ಓದುವ ಶಿಕ್ಷಕರ ದನಿಯೇ ಬಹಳ ಕಡೆ ಮುದ್ರಣಕ್ಕಿಂತ ಮೇಲು. ಕಿವಿ ಮಂದವಿರುವ ಮಗು ತುಟಿ ಕಾಣುವಷ್ಟು ಹತ್ತಿರ ಕೂರಲಿ. ಎರಡನೇ ತಂಡಕ್ಕೆ ಸಂಭಾಷಣೆಯಲ್ಲಿನ ಸಮಯ, ಬೆಲೆ, ದಿನ ಬದಲಿಸಿ, ಮೊದಲ ತಂಡ ಹೊರಗೆ ಬಂದ ಕೂಡಲೇ ಉತ್ತರ ಹಂಚಿರುತ್ತದೆ.

ಮೌಲ್ಯಮಾಪನ ಆದಮೇಲೆ ಅರ್ಧ ಗಂಟೆ ಕೊಡಿ. ಒಟ್ಟು ಅಂಕದ ಪ್ರಕಾರ ಮೇಲಿನ 15, ಕೆಳಗಿನ 15 ಹಾಳೆ ಬೇರೆ ಮಾಡಿ, ಪ್ರತಿ ಪ್ರಶ್ನೆಗೆ ಎರಡೂ ಕಡೆ ಎಷ್ಟು ಸರಿ ಎಂದು ಎಣಿಸಿ. ಮೇಲೆ 12, ಕೆಳಗೆ 5 ಇದ್ದರೆ ಪ್ರಶ್ನೆ ಚೆನ್ನಾಗಿದೆ. ಎರಡೂ ಕಡೆ 8 ಇದ್ದರೆ, ಅಥವಾ ಕೆಳಗಿನವರದೇ ಹೆಚ್ಚಿದ್ದರೆ, ಪ್ರಶ್ನೆಯ ಮಾತು ಗೊಂದಲದ್ದಾಗಿರಬಹುದು, ಎರಡು ಉತ್ತರ ಸರಿಯಾಗುವಂತಿರಬಹುದು. ಅದನ್ನು ಅಂಕದಿಂದ ಬಿಟ್ಟು ಮುಂದಿನ ಸಲಕ್ಕೆ ತಿದ್ದಿಡಿ.

ಗಟ್ಟಿ ಓದಿಗೆ ತಲಾ 3 ನಿಮಿಷ ಹಿಡಿದರೂ 46 ಮಕ್ಕಳಿಗೆ 138 ನಿಮಿಷ. ಒಂದೇ ದಿನ ಮುಗಿಸಲು ಹೋಗಬೇಡಿ ಮೇಡಂ. 40 ನಿಮಿಷದ ಅವಧಿಗೆ 12 ಮಕ್ಕಳಂತೆ ನಾಲ್ಕು ಅವಧಿ ಇಟ್ಟುಕೊಳ್ಳಿ, ಉಳಿದವರು ಅಷ್ಟರಲ್ಲಿ ಮೌನ ಓದಿನ ಹಾಳೆ ಬರೆಯುತ್ತಿರಲಿ.