ಸ್ಟಾರ್ ಸೆಂಟರ್‌ಗಾಗಿ ಇಷ್ಟೆಲ್ಲ ಕೊಡಬೇಕಾ?

ನೀಲಿಗೆರೆ: ಆ ಸ್ಟಾರ್ ಸೆಂಟರ್ (ಐಸ್ ಹಾಕಿಯಲ್ಲಿ ನಡುವೆ ಆಡುವ ಫಾರ್ವರ್ಡ್) ನಮ್ಮ ಟೀಮಿಗೆ ಬರುತ್ತಾನೆ ಅನ್ನುವ ಗಾಳಿಸುದ್ದಿ ಜೋರಾಗಿದೆ. ಬದಲಿಗೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ), ಜೊತೆಗೆ ನಾವೇ ಬೆಳೆಸಿದ ಡಿಫೆನ್ಸ್ ಹುಡುಗನನ್ನೂ ಕೊಡಬೇಕಂತೆ. ಆ ಸೆಂಟರ್‌ನ ಕಾಂಟ್ರಾಕ್ಟ್ ಈ ಸೀಸನ್‌ಗೇ ಮುಗಿಯುತ್ತದೆ. ಜಾಸ್ತಿ ಆಯ್ತು ಅಲ್ವಾ?

ಗೋಲ್‌ಕಂಬ: ಏನೂ ಜಾಸ್ತಿಯಲ್ಲ. 2021ರಲ್ಲಿ ವೇಗಸ್ ಟೀಮು ಸೆಂಟರ್ ಜ್ಯಾಕ್ ಐಕೆಲ್‌ನನ್ನು ಬಫಲೋದಿಂದ ತಂದಾಗ ಅವನ ಕುತ್ತಿಗೆಗೆ ಆಪರೇಷನ್ ಕೂಡ ಆಗಿರಲಿಲ್ಲ, ಆದರೂ ಅಲೆಕ್ಸ್ ಟಕ್, ಪೇಟನ್ ಕ್ರೆಬ್ಸ್ ಎಂಬ ಇಬ್ಬರು ಆಟಗಾರರನ್ನು, ಮೇಲೆ ಪಿಕ್‌ಗಳನ್ನೂ ಕೊಟ್ಟರು. 2023ರಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ, ಗೆದ್ದರು. ಇಂಥ ಸೆಂಟರ್ ಡ್ರಾಫ್ಟ್‌ನಲ್ಲಿ ಸುಮ್ನೆ ಸಿಗುವುದಿಲ್ಲ.

ಮೂರನೇಪಿರಿಯಡ್: ಐಕೆಲ್ ಕಾಂಟ್ರಾಕ್ಟ್ ಆಗ ಇನ್ನೂ ಹಲವು ವರ್ಷ ಬಾಕಿ ಇತ್ತು, ಅದು ಬೇರೆ ಲೆಕ್ಕ. ಇದನ್ನು ಮಿಕ್ಕೊ ರಾಂಟನೆನ್ ಎಂಬ ಆಟಗಾರನ ಕಥೆಗೆ ಹೋಲಿಸಿ ನೋಡಿ. 2025ರ ಜನವರಿಯಲ್ಲಿ ಕೊಲರಾಡೋದಿಂದ ಕ್ಯಾರೊಲಿನಾಗೆ ಬಂದ, ಅಲ್ಲಿ ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕಲಿಲ್ಲ, ಮಾರ್ಚ್‌ನಲ್ಲಿ ಡಲ್ಲಾಸ್‌ಗೆ ಹೋಗಿ ಎಂಟು ವರ್ಷಕ್ಕೆ ಒಪ್ಪಿಕೊಂಡ. ಆಮೇಲೆ ಪ್ಲೇಆಫ್‌ನ ಮೊದಲ ಸುತ್ತಿನ ಏಳನೇ ಪಂದ್ಯದಲ್ಲಿ, ಮೂರನೇ ಪಿರಿಯಡ್ ಒಂದರಲ್ಲೇ, ಕೊಲರಾಡೋ ವಿರುದ್ಧವೇ ಮೂರು ಗೋಲಿನ ಹ್ಯಾಟ್ರಿಕ್ ಹೊಡೆದ! ಆ ರಾತ್ರಿ ಕೊಲರಾಡೋ ಅಭಿಮಾನಿಗಳಿಗೆ ಹೇಗಾಗಿರಬೇಕು?

ನೀಲಿಗೆರೆ: ಹಾಗಾದರೆ ಅವನು ಮೊದಲು ಹೊಸ ಕಾಂಟ್ರಾಕ್ಟ್‌ಗೆ ಒಪ್ಪಿದರೆ ಮಾತ್ರ ಟ್ರೇಡ್ ಮಾಡಬೇಕು ಅಂತೀರಾ?

ಮೂರನೇಪಿರಿಯಡ್: ಹೌದು. ಅವನ ಈಗಿನ ಟೀಮು ಅನುಮತಿ ಕೊಟ್ಟರೆ ಏಜೆಂಟ್ ಜೊತೆ ಮೊದಲೇ ಮಾತಾಡಬಹುದು. ಒಪ್ಪಿದರೆ ಎರಡು ಪಿಕ್ ಕೊಡಿ, ನನ್ನ ತಕರಾರಿಲ್ಲ. ಆದರೆ ಡಿಫೆನ್ಸ್ ಹುಡುಗನನ್ನು ಮಾತ್ರ ಬಿಡಬೇಡಿ. ಸ್ಯಾಲರಿ ಕ್ಯಾಪ್ (ಟೀಮಿನ ಒಟ್ಟು ಸಂಬಳಕ್ಕೆ ಮಿತಿ) ಇರುವಾಗ ಕಡಿಮೆ ಸಂಬಳಕ್ಕೆ ಅಷ್ಟು ಚೆನ್ನಾಗಿ ಆಡುವವರು ಇನ್ನೆಲ್ಲಿ ಸಿಗುತ್ತಾರೆ?