ಗ್ರಾಮಸಭೆಯಲ್ಲಿ ನಾವು ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ? ಪಿಡಿಒ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಮೂರು ವರ್ಷದಿಂದ ಒಂದು ಗ್ರಾಮಸಭೆಯನ್ನೂ ತಪ್ಪಿಸಿಲ್ಲ. ಪ್ರತಿ ಸಲ ಎದ್ದು ನಿಂತು ನಮ್ಮ ಬೀದಿಯ ಚರಂಡಿ ವಿಷಯ ಹೇಳುತ್ತೇನೆ. "ಆಯ್ತು, ನೋಡೋಣ" ಅನ್ನುತ್ತಾರೆ. ಮುಂದಿನ ಸಭೆಯಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕು. ಜನ ಹೇಳಿದ್ದನ್ನು ಪಂಚಾಯಿತಿ ನಿಜವಾಗಿ ಏನು ಮಾಡುತ್ತದೆ? ಕೇಳುವುದು ಬರೀ ಶಾಸ್ತ್ರಕ್ಕಾ?

ಉತ್ತರ: ನಮಸ್ಕಾರ ಅಣ್ಣ. ಹನ್ನೊಂದು ವರ್ಷದಿಂದ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿದ್ದೇನೆ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ಹೇಳಿದ ಮಾತು ನಡವಳಿ ಪುಸ್ತಕದಲ್ಲಿ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕದಲ್ಲಿ ಇದೆಯಾ?

ಗ್ರಾಮಸಭೆಯಲ್ಲಿ ಬಂದ ಬೇಡಿಕೆ ನಡವಳಿಯಲ್ಲಿ ದಾಖಲಾಗಬೇಕು. ಅಲ್ಲಿಂದ ಅದು ಪಂಚಾಯಿತಿಯ ಸಾಮಾನ್ಯ ಸಭೆಗೆ ಬರುತ್ತದೆ. ಸದಸ್ಯರು ಒಪ್ಪಿದರೆ ಕ್ರಿಯಾ ಯೋಜನೆಗೆ ಸೇರುತ್ತದೆ. ಅದಾದ ಮೇಲೇ ದುಡ್ಡು, ಅಂದಾಜು ಪಟ್ಟಿ, ಕೆಲಸ. ನಡವಳಿಯಲ್ಲಿ ಇಲ್ಲದ ಮಾತಿಗೆ ಮುಂದೆ ದಾರಿಯೇ ಇಲ್ಲ. ನೀವು ಎಷ್ಟು ಜೋರಾಗಿ ಹೇಳಿದರೂ ಅಷ್ಟೇ.

ಹಾಗಾಗಿ ಸಭೆಗೆ ಬರುವಾಗ ಅರ್ಜಿ ಬರೆದುಕೊಂಡು ಬನ್ನಿ. "ಚರಂಡಿ ಸರಿ ಇಲ್ಲ" ಅಂತ ಬರೆದರೆ ಸಾಲದು. "ಶಾಲೆ ಹಿಂದಿನ ತಿರುವಿನಿಂದ ಹಾಲಿನ ಡೈರಿವರೆಗೆ, ಸುಮಾರು 60 ಮೀಟರ್, ಮಳೆ ಬಂದರೆ ನಾಲ್ಕು ಮನೆಗೆ ನೀರು ನುಗ್ಗುತ್ತದೆ" ಅಂತ ಬರೆಯಿರಿ. ಇಂಜಿನಿಯರ್ ಅಂದಾಜು ಮಾಡುವುದಕ್ಕೆ ಬೇಕಾಗಿರುವುದು ಇದೇ. ಇನ್ನೊಂದು ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ ಕೇಳಿ.

ಸಭೆ ಶುರುವಾದ ಕೂಡಲೇ ಇನ್ನೊಂದು ಕೆಲಸ ಮಾಡಿ. "ಹಿಂದಿನ ಸಭೆಯ ನಡವಳಿ ಓದಿ, ಅದರಲ್ಲಿ ಯಾವುದು ಆಯ್ತು, ಯಾವುದು ಆಗಲಿಲ್ಲ ಹೇಳಿ" ಅನ್ನಿ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಓದಿ ಹೇಳಬೇಕಾಗುತ್ತದೆ ಅಂತ ಗೊತ್ತಾದ ಪಂಚಾಯಿತಿ, ಆರು ತಿಂಗಳು ಆ ಪಟ್ಟಿಯನ್ನು ಮರೆಯುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮಲ್ಲಿ ಸಭೆಗೆ ಬರುವವರೇ ಇಪ್ಪತ್ತು ಜನ. ಅವರು ಹೇಳಿದ್ದೇ ಇಡೀ ಊರಿನ ಅಭಿಪ್ರಾಯ ಆಗಿಬಿಡುತ್ತದೆ ಅಲ್ವಾ?

ಉತ್ತರ: ಹೌದು, ಇದು ನಿಜವಾದ ತೊಂದರೆ. ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿರಬೇಕು, ಇದೇ ಕೋರಂ. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯಬೇಕು. ವಾರ್ಡ್ ಸಭೆಯನ್ನು ಸುಮ್ನೆ ಬಿಟ್ಟುಬಿಡುವ ಕಡೆ ಗ್ರಾಮಸಭೆಯೂ ಸೊರಗುತ್ತದೆ. ಕೋರಂ ಇಲ್ಲದಿದ್ದರೆ ಸಭೆ ಮುಂದೂಡಿ ಅಂತ ಕೇಳುವ ಹಕ್ಕು ನಿಮಗಿದೆ.

ಆದರೆ ಕೋರಂ ತುಂಬಿದರೂ ಬಾರದ ಮಾತು ಬಾರದೇ ಉಳಿಯುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಊರಿನಲ್ಲಿ ಎರಡು ಗ್ರಾಮಸಭೆ ಕಳೆದರೂ ನೀರಿನ ಬಗ್ಗೆ ಒಂದು ದೂರೂ ಬರಲಿಲ್ಲ. ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ನೀರುಗಂಟಿ ಜೊತೆ ಕಾಲೋನಿ ಕಡೆ ಹೋದೆ. ಹತ್ತೂವರೆಗೆ ವಾಲ್ವ್ ತಿರುಗಿಸಿದರು. ನಲ್ಲಿ ಮುಂದೆ ಕೊಡ ಸಾಲಾಗಿ ಇಟ್ಟಿದ್ದವು, ಹಿಡಿಯುವುದಕ್ಕೆ ಒಬ್ಬ ಅಜ್ಜಿ ಮಾತ್ರ. ಒಂದು ಕೊಡ ತುಂಬಿದ ಮೇಲೆ ಅದನ್ನು ಎತ್ತಲಾರದೆ ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದರು. ಉಳಿದ ಹೆಂಗಸರೆಲ್ಲ ಎಂಟು ಗಂಟೆಗೇ ಕೂಲಿಗೆ ಹೋಗಿದ್ದರು. ಸಭೆಗೆ ಬರುತ್ತಿದ್ದವರ ಮನೆಯಲ್ಲಿ ಸಂಪ್ ಇತ್ತು, ಅವರಿಗೆ ಯಾವ ಹೊತ್ತಿಗೆ ನೀರು ಬಂದರೂ ನಡೆಯುತ್ತಿತ್ತು. ಬೆಳಿಗ್ಗೆ 11ಕ್ಕೆ ನಡೆಯುವ ಗ್ರಾಮಸಭೆಗೆ ಕೂಲಿ ಬಿಟ್ಟು ಬರುವುದು ಆ ಹೆಂಗಸರಿಗೆ ಆಗುತ್ತಿರಲಿಲ್ಲ.

ಆ ವಾರದಿಂದ ನೀರು ಬಿಡುವ ಹೊತ್ತನ್ನು ಬೆಳಿಗ್ಗೆ ಐದೂವರೆಗೆ ಬದಲಾಯಿಸಿದೆವು. ಒಂದು ರೂಪಾಯಿ ಖರ್ಚಾಗಲಿಲ್ಲ. ಆಮೇಲಿಂದ ನಾನು ವಾರ್ಡ್ ಸಭೆಗಳನ್ನು ಸಂಜೆ ಆರರ ನಂತರ, ಆಯಾ ಕೇರಿಯಲ್ಲೇ ಇಡುತ್ತೇನೆ. ಬಾರದವರನ್ನು ಹುಡುಕಿಕೊಂಡು ಹೋಗಿ ಕೇಳುವುದು ಪಂಚಾಯಿತಿಯ ಕೆಲಸ. ಅವರು ಬರಲಿಲ್ಲ ಅಂತ ದೂರುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಸಕಾಲದಲ್ಲಿ ಬೀದಿದೀಪದ ದೂರು ಹಾಕಬಹುದಾ? ಜಿಎಸ್‌ಸಿ ನಂಬರ್ ಕೊಡುತ್ತಾರಂತಲ್ಲ?

ಉತ್ತರ: ಇದು ತುಂಬಾ ಜನಕ್ಕೆ ಇರುವ ಗೊಂದಲ. ಸಕಾಲ ಇರುವುದು ಪಟ್ಟಿಯಲ್ಲಿರುವ ಸೇವೆಗಳಿಗೆ, ಅಂದರೆ ಇಷ್ಟು ದಿನದೊಳಗೆ ಕೊಡಲೇಬೇಕು ಅಂತ ಗೊತ್ತುಮಾಡಿರುವ ಪ್ರಮಾಣಪತ್ರ, ಪರವಾನಗಿ ಇಂಥವಕ್ಕೆ. ಕಾಯ್ದೆ 2011ರದ್ದು, ರಾಜ್ಯದ ಎಲ್ಲ ಕಡೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಅದಕ್ಕೆ ಜಿಎಸ್‌ಸಿ ನಂಬರ್, ಅಂದರೆ ಸಕಾಲ ಅರ್ಜಿಗೆ ಕೊಡುವ ಸ್ವೀಕೃತಿ ನಂಬರ್ ಬೇಕೇ ಬೇಕು, ಕೇಳಿ ಪಡೆಯಿರಿ. ನಿಮ್ಮ ಸೇವೆ ಪಟ್ಟಿಯಲ್ಲಿದೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ. ಬೀದಿದೀಪದ ನಿರ್ವಹಣೆಯೂ ಗ್ರಾಮ ಪಂಚಾಯಿತಿಯ ಸಕಾಲ ಸೇವೆಗಳ ಪಟ್ಟಿಯಲ್ಲಿದೆ. ಕಂಬದ ನಂಬರ್ ಬರೆದು ಪಂಚಾಯಿತಿಗೆ ಕೊಡಿ. ನಂಬರ್ ಇಲ್ಲದಿದ್ದರೆ "ಅರಳಿಕಟ್ಟೆ ಎದುರಿನ ಕಂಬ" ಅಂದರೂ ಸಾಕು.

ಪ್ರಶ್ನೆ: ನಾನು ಬೆಂಗಳೂರಿನವನು. ನಮ್ಮಲ್ಲಿ ಗ್ರಾಮಸಭೆ ಇಲ್ಲ. ಲಕ್ಷಾಂತರ ಜನರ ಅಭಿಪ್ರಾಯ ಕೇಳಲು ಆಗುತ್ತದಾ?

ಉತ್ತರ: ಆಗುತ್ತದೆ ಸರ್, ನಿಮ್ಮ ಊರಿನಲ್ಲೇ ಆಗಿದೆ. 90ರ ದಶಕದ ಮೊದಲಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಜೊತೆಗಾರರು ಬೆಂಗಳೂರಿನ ಸೇವೆಗಳಿಗೆ ನಾಗರಿಕರಿಂದ ಅಂಕಪಟ್ಟಿ ಮಾಡಿಸಿದರು, ಆ ಕೆಲಸದಿಂದಲೇ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನುವ ಸಂಸ್ಥೆ ಹುಟ್ಟಿತು. ನೀರು, ವಿದ್ಯುತ್, ಪಾಲಿಕೆ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಹೀಗೆ ಒಂದೊಂದನ್ನೂ ಜನರ ಮನೆಗೆ ಹೋಗಿ ಕೇಳಿದರು. ಸಿಬ್ಬಂದಿ ಹೇಗೆ ನಡೆದುಕೊಂಡರು, ಎಷ್ಟು ಸಲ ಅಲೆದಾಡಿಸಿದರು, ಲಂಚ ಕೊಡಬೇಕಾಯಿತಾ ಅಂತಲೂ ಕೇಳಿದರು. ಬಿಡಿಎ ಸೇವೆ ತೃಪ್ತಿ ತಂದಿದೆ ಅಂದವರು ಶೇ. 1 ಮಾತ್ರ. ಅದು ಪತ್ರಿಕೆಗಳಲ್ಲಿ ಬಂತು.

ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. 1999ರಲ್ಲಿ ಮತ್ತೆ ಕೇಳಿದರು, 2003ರಲ್ಲಿ ಮತ್ತೊಮ್ಮೆ ಕೇಳಿದರು. ಎರಡನೇ ಸಲ ಸ್ವಲ್ಪ ಮಾತ್ರ ಸುಧಾರಿಸಿತ್ತು. ಮೂರನೇ ಸಲಕ್ಕೆ ಒಳ್ಳೆಯ ಬದಲಾವಣೆ ಕಂಡಿತು. ಒಂದೇ ಸಲ ಕೇಳಿ ಬಿಟ್ಟಿದ್ದರೆ ಹಿಂದೆ ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸುವುದಕ್ಕೇ ಆಗುತ್ತಿರಲಿಲ್ಲ. ನಾನು ನಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಅದೇ ಐದು ಪ್ರಶ್ನೆ ಕೇಳುತ್ತೇನೆ. ಪ್ರಶ್ನೆ ಬದಲಾಯಿಸುವುದಿಲ್ಲ.

ಪ್ರಶ್ನೆ: ಮಕ್ಕಳ ಗ್ರಾಮಸಭೆ ಅಂತ ನವೆಂಬರ್‌ನಲ್ಲಿ ಮಾಡುತ್ತಾರೆ. ಹಾಡು, ಭಾಷಣ, ಬಿಸ್ಕತ್ತು ಅಷ್ಟೇ. ಅದರಿಂದ ಏನಾದರೂ ಆಗುತ್ತದಾ?

ಉತ್ತರ: ದೊಡ್ಡವರು ಮೈಕ್ ಬಿಟ್ಟುಕೊಟ್ಟರೆ ಆಗುತ್ತದೆ ಅಕ್ಕ. ಕುಂದಾಪುರದ ಕಡೆ 90ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಇತ್ತು. 2006ರಿಂದ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಬಂದಿದೆ.

ಒಂದು ಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ಹೇಳಿದಳು: "ನಮ್ಮ ಶೌಚಾಲಯಕ್ಕೆ ಹೊರಗಡೆ ಚಿಲಕ ಇದೆ, ಒಳಗಡೆ ಇಲ್ಲ. ಅದಕ್ಕೆ ಇಬ್ಬಿಬ್ಬರೇ ಹೋಗುತ್ತೇವೆ, ಒಬ್ಬಳು ಬಾಗಿಲು ಹಿಡಿದು ನಿಲ್ಲಬೇಕು." ನಮ್ಮ ಕಡತದಲ್ಲಿ ಆ ಶೌಚಾಲಯ "ಸುಸ್ಥಿತಿಯಲ್ಲಿದೆ" ಅಂತ ಇತ್ತು. ಅಳತೆ ತೆಗೆದವರು ಹೊರಗಿನಿಂದ ನೋಡಿದ್ದರು. ಮರುದಿನವೇ ಬಡಗಿ ಕರೆಸಿ ಚಿಲಕ ಹಾಕಿಸಿದೆವು. ಆಮೇಲೆ ನಾನೇ ಶಾಲೆಗೆ ಹೋಗಿ ಪ್ರಾರ್ಥನೆ ಹೊತ್ತಿನಲ್ಲಿ "ನೀವು ಕೇಳಿದ್ದು ಆಗಿದೆ" ಅಂತ ಹೇಳಿ ಬಂದೆ. ಮುಂದಿನ ವರ್ಷ ಹದಿನೇಳು ಮಕ್ಕಳು ಮಾತಾಡಿದರು.

ಪ್ರಶ್ನೆ: ಮೇಡಂ, ದೂರು ಕೊಟ್ಟರೆ ಮನೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಅನ್ನುವ ಹೆದರಿಕೆ ಇದೆ. ನಾವು ಬಡವರು, ಎದುರು ಹಾಕಿಕೊಳ್ಳೋಕೆ ಆಗಲ್ಲ.

ಉತ್ತರ: ಈ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ ಅಮ್ಮ. ಒಬ್ಬರೇ ಬರೆಯಬೇಡಿ. ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ವಿಷಯ ಇಡಿ. ಸಂಘದ ಹೆಸರಿನಲ್ಲಿ, ಎಲ್ಲರ ಸಹಿ ಹಾಕಿ ಕೊಡಿ. ಹತ್ತು ಜನರ ಹೆಸರು ತೆಗೆಯುವುದು ಸುಲಭವಲ್ಲ. ಇನ್ನೊಂದು, ಮನೆ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯಲ್ಲೇ ಆಗಬೇಕು. ಹೆಸರುಗಳನ್ನು ಗಟ್ಟಿಯಾಗಿ ಓದಿಸಿ, ಸಂಘದ ಒಬ್ಬರು ಬರೆದುಕೊಳ್ಳಿ. ಆಮೇಲೆ ಪಟ್ಟಿ ಬದಲಾದರೆ ಗೊತ್ತಾಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ನಿನ್ನೆ ಪಂಚಾಯಿತಿಗೆ ಹೋಗಿದ್ದೆ. ನಡವಳಿ ಪುಸ್ತಕ ತೋರಿಸಲು ಆಗಲ್ಲ ಅಂದರು.

ಉತ್ತರ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಣ್ಣ. ಶುಲ್ಕ 10 ರೂಪಾಯಿ. "ಕಳೆದ ಮೂರು ವರ್ಷದ ಗ್ರಾಮಸಭೆ ನಡವಳಿಗಳ ದೃಢೀಕೃತ ಪ್ರತಿ" ಅಂತ ಮಾತ್ರ ಬರೆಯಿರಿ, ಕಾರಣ ಹೇಳಬೇಕಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಜಮಾಬಂದಿ ದಿನ ಯಾವಾಗ ಅಂತಲೂ ಕೇಳಿಟ್ಟುಕೊಳ್ಳಿ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಇರುತ್ತದೆ. ಆ ದಿನ ಲೆಕ್ಕದ ಪುಸ್ತಕಗಳನ್ನು ಜನರ ಮುಂದೆ ಇಡಬೇಕು. ಪ್ರತಿ ಕೈಗೆ ಬಂದ ಮೇಲೆ ನಿಮ್ಮ ಚರಂಡಿ ಅದರಲ್ಲಿ ಎಲ್ಲಿದೆ ನೋಡಿ ಇಲ್ಲಿ ತಿಳಿಸಿ. ಮುಂದಿನ ಅರ್ಜಿ ಹೇಗೆ ಬರೆಯುವುದು ಅಂತ ಒಟ್ಟಿಗೆ ನೋಡೋಣ.