ಡಾಕ್ಟರ್ ‘ಸ್ಟ್ರೆಸ್ ಕಮ್ಮಿ ಮಾಡ್ಕೊಳಿ’ ಅಂದ್ರು, ಮರೆವಿನ ಕಾಯಿಲೆ ಅತ್ತೆನ ನೋಡ್ಕೊಳೋ ನಾನು ಹೇಗೆ ಕಮ್ಮಿ ಮಾಡ್ಕೊಳ್ಲಿ?

ಸರಸ್ವತಿಪುರಂ_ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 47 ವರ್ಷ, ಮೈಸೂರು. ಅತ್ತೆಗೆ 79. ನಾಲ್ಕು ವರ್ಷದ ಹಿಂದೆ ಒಗ್ಗರಣೆಗೆ ಇಟ್ಟಿದ್ದು ಮರೆತು ಬಾಣಲೆ ಹತ್ಕೊಂಡು ಉರೀತಲ್ಲ, ಅಲ್ಲಿಂದ ಶುರುವಾಯ್ತು. ಆಗ ಎಲ್ಲಾರೂ ವಯಸ್ಸಾಯ್ತು, ಅರಳು ಮರಳು ಅಂದ್ರು, ಆಮೇಲೆ ಸ್ಕ್ಯಾನ್ ಎಲ್ಲಾ ಮಾಡ್ಸಿದ್ಮೇಲೆ ಅಲ್‌ಝೈಮರ್ಸ್ ಅಂತ ಗೊತ್ತಾಯ್ತು. ಈಗ ಒಂದೊಂದ್ಸಲ ನನ್ನನ್ನ ಅವರಮ್ಮ ಅನ್ಕೊಂಡು ಸೆರಗು ಹಿಡ್ಕೊಂಡು ಓಡಾಡ್ತಾರೆ, ಒಂದೊಂದ್ಸಲ ನನ್ನ ಬಳೆ ಕದ್ದವಳು ಇವಳೇ ಅಂತ ಬೀದಿಗೆ ಕೇಳೋ ಹಾಗೆ ಕೂಗ್ತಾರೆ. ರಾತ್ರಿ ನಾಲ್ಕೈದು ಸಲ ಏಳ್ತಾರೆ. ನಮ್ಮೆಜಮಾನ್ರಿಗೆ ಫ್ಯಾಕ್ಟರಿ ಶಿಫ್ಟು, ನಾದಿನಿ ಹಾಸನದಲ್ಲಿ, ಮೈದುನ ಬೆಂಗಳೂರಲ್ಲಿ. ಹಂಗಾಗಿ ಎಲ್ಲಾ ನಾನೇ.

ಐದು ವಾರದ ಹಿಂದೆ ಈಳಿಗೆಮಣೇಲಿ ಬೀನ್ಸ್ ಹೆಚ್ತಾ ಇದ್ದೆ, ಅತ್ತೆ ಹಿಂದಿಂದ ಬಂದು ಕಿರುಚಿದ್ರು, ಎಡಗೈ ತೋರುಬೆರಳು ಕುಯ್ಕೊಂಡೆ. ದೊಡ್ಡ ಗಾಯ ಏನಲ್ಲ, ಹೊಲಿಗೆ ಕೂಡ ಬೇಕಾಗಿಲ್ಲ. ಆದ್ರೆ ಇವತ್ತಿಗೂ ಪೂರ್ತಿ ಮಾಯ್ದಿಲ್ಲ, ಮೇಲೆ ಕೂಡ್ಕೊಳುತ್ತೆ, ಮತ್ತೆ ಬಿಟ್ಕೊಳುತ್ತೆ. ಅದನ್ನ ತೋರಿಸೋಕೆ ಅಂತ ಹೋದ್ರೆ ಬಿಪಿ 154/98 ಬಂತು. ಡಾಕ್ಟರ್ ಮಾತ್ರೆ ಬರೆದು, ‘ಎಲ್ಲಾ ಸ್ಟ್ರೆಸ್ಸಿಂದಮ್ಮ, ಸ್ಟ್ರೆಸ್ ಕಮ್ಮಿ ಮಾಡ್ಕೊಳಿ’ ಅಂದ್ಬಿಟ್ಟು ಮುಂದಿನ ಪೇಷಂಟ್ ಕರೆದ್ರು. ಮಾತ್ರೆ ಇನ್ನೂ ಶುರು ಮಾಡಿಲ್ಲ, ಶುರು ಮಾಡಿದ್ರೆ ಜೀವಮಾನ ಪೂರ್ತಿ ಅಂತಾರಲ್ಲ ಅದಕ್ಕೆ.

ನನ್ನ ಪ್ರಶ್ನೆ ಎರಡು. ಸ್ಟ್ರೆಸ್ಸಿಗೂ ಬೆರಳಿನ ಗಾಯಕ್ಕೂ ನಿಜವಾಗ್ಲೂ ಸಂಬಂಧ ಇದ್ಯಾ, ಇಲ್ಲಾ ಏನೂ ಗೊತ್ತಾಗ್ದೆ ಹೇಳೋ ಮಾತಾ? ಇನ್ನೊಂದು, ಕಾರಣಾನೇ ಮನೆಯೊಳಗೆ ಇರೋವಾಗ, ಅದೂ ನಾನು ಪ್ರೀತಿಸೋ ಜೀವ ಆಗಿರೋವಾಗ, ಕಮ್ಮಿ ಮಾಡ್ಕೊಳೋದು ಅಂದ್ರೆ ಏನು? ಹೋದ್ವಾರ ಅತ್ತೆ ಮೇಲೆ ಜೋರಾಗಿ ಕೂಗಾಡ್ಬಿಟ್ಟೆ. ಅವರು ಮಗು ಥರ ಗೋಡೆ ಮೂಲೆಗೆ ಹೋಗಿ ನಿಂತ್ಕೊಂಡ್ರು. ಆಮೇಲೆ ನಾನು ಅಡುಗೆಮನೇಲಿ ಕೂತು ಅತ್ತಿದ್ದು ಅಷ್ಟಿಷ್ಟಲ್ಲ.

ನಿವೃತ್ತ_ಮೇಷ್ಟ್ರು_ತುಮಕೂರು

ಅಮ್ಮಾ, ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದವನು. ಇದು ಸುಮ್ನೆ ಹೇಳೋ ಮಾತಲ್ಲ. ಹ್ಯಾನ್ಸ್ ಸೆಲ್ಯೆ ಅಂತ ಒಬ್ಬ ವಿಜ್ಞಾನಿ ಕೆನಡಾದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ 1936ರಲ್ಲೇ ಬರೆದಿದ್ದಾರೆ. ಚಳೀಲಿ ಇಟ್ರೂ, ಗಾಯ ಮಾಡಿದ್ರೂ, ವಿಷ ಹಾಕಿದ್ರೂ, ಕಷ್ಟ ಯಾವುದೇ ಆಗ್ಲಿ ಇಲಿ ದೇಹದೊಳಗೆ ಆಗೋ ಬದಲಾವಣೆ ಒಂದೇ ಥರ. ಅಡ್ರಿನಲ್ ಗ್ರಂಥಿ ಊದ್ಕೊಂಡಿರ್ತಿತ್ತು, ರೋಗ ನಿರೋಧಕ್ಕೆ ಬೇಕಾದ ಥೈಮಸ್ ಸುರುಟಿರ್ತಿತ್ತು, ಹೊಟ್ಟೇಲಿ ಹುಣ್ಣು. ಕಷ್ಟ ನಿಲ್ಲದೆ ಮುಂದುವರಿದ್ರೆ ಕೊನೆಗೆ ಬಳಲಿ ಬೀಳೋ ಹಂತ ಬರುತ್ತೆ ಅಂತಲೂ ತೋರಿಸಿದ್ರು. ನೀವೀಗ ಆ ಕಡೆಗೆ ಹೋಗ್ತಿದ್ದೀರಿ ಅನ್ಸುತ್ತೆ, ಅದಕ್ಕೆ ಭಯ ಆಗುತ್ತೆ ನನಗೆ.

ಪರಿಹಾರ ಅಂದ್ರೆ ದಿನಾ ಬೆಳಗ್ಗೆ ನಲವತ್ತು ನಿಮಿಷ ಯೋಗ, ಹದಿನೈದು ನಿಮಿಷ ಪ್ರಾಣಾಯಾಮ. ನನ್ನ ಬಿಪಿ ಅದ್ರಿಂದ ಎಷ್ಟೋ ಹತೋಟಿಗೆ ಬಂತು. ಮನಸ್ಸು ಮಾಡಿ ಅಷ್ಟೇ.

ಸರಸ್ವತಿಪುರಂ_ಸೊಸೆ

ಸರ್, ತುಂಬಾ ಥ್ಯಾಂಕ್ಸ್. ಆದ್ರೆ ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ರೆ ಎರಡು ನಿಮಿಷಕ್ಕೆ ಬಾಗಿಲು ಬಡಿಯೋಕೆ ಶುರು ಮಾಡ್ತಾರೆ. ನಲವತ್ತು ನಿಮಿಷ ಎಲ್ಲಿಂದ ತರ್ಲಿ? ಯೋಗ ಮಾಡೋಕಾಗ್ಲಿಲ್ಲವಲ್ಲ ಅಂತ ಅದೊಂದು ಬೇರೆ ಕೊರಗು ಸೇರ್ಕೊಳುತ್ತೆ.

ವಾರ್ಡ್_ನರ್ಸ್_ಶಿವಮೊಗ್ಗ

ಅಕ್ಕ, ನಾನು 22 ವರ್ಷದಿಂದ ಸ್ಟಾಫ್ ನರ್ಸ್. ನಿಮ್ಮ ಪೋಸ್ಟ್ ಓದಿದ ತಕ್ಷಣ ನೆನಪಾಗಿದ್ದು ಒಂದು ಸ್ಟಡಿ, ನಿಮ್ಮ ಬೆರಳಿಗಾಗೇ ಮಾಡಿದ್ದಾರೇನೋ ಅನ್ನೋ ಹಂಗಿದೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಮಾಡಿದ್ದು. ಮನೇಲಿ ಮರೆವಿನ ಕಾಯಿಲೆಯವರನ್ನ ನೋಡ್ಕೊಳೋ 13 ಹೆಂಗಸ್ರು, ಅದೇ ವಯಸ್ಸಿನ ಬೇರೆ 13 ಹೆಂಗಸ್ರು. ಎಲ್ಲರ ತೋಳಲ್ಲೂ ಮೂರೂವರೆ ಮಿಲಿಮೀಟರ್ ಅಗಲದ ಒಂದೇ ಅಳತೆ ಗಾಯ ಮಾಡಿ ಎಷ್ಟು ದಿನಕ್ಕೆ ಮಾಯುತ್ತೆ ಅಂತ ನೋಡಿದ್ರು. ಬೇರೆಯವರಿಗೆ ಸುಮಾರು 39 ದಿನ, ನೋಡ್ಕೊಳೋವ್ರಿಗೆ ಸುಮಾರು 49 ದಿನ. ಒಂಬತ್ತು ಹತ್ತು ದಿನ ಜಾಸ್ತಿ. ಹಂಗಾಗಿ ನಿಮ್ಮ ಡಾಕ್ಟ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ಕೂರಿಸ್ಕೊಂಡು ಬಿಡಿಸಿ ಹೇಳಬೇಕಿತ್ತು.

ಒಳಗೆ ಏನಾಗುತ್ತೆ ಅಂದ್ರೆ, ಎರಡೂ ಕಿಡ್ನಿ ಮೇಲೆ ಟೋಪಿ ಇಟ್ಟಂಗೆ ಅಡ್ರಿನಲ್ ಗ್ರಂಥಿ ಇರುತ್ತೆ. ಏನಾದ್ರೂ ಗಾಬರಿ ಆದ್ರೆ ಮೊದ್ಲು ಅಡ್ರಿನಲಿನ್ ಬಿಡುತ್ತೆ, ಎದೆ ಡವಡವ ಅನ್ನೋದು ಬಾಯಿ ಒಣಗೋದು ಅದ್ರಿಂದ. ಅದರ ಹಿಂದೆನೇ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್. ಅದು ಲಿವರ್ ಕೈಲಿ ಸಕ್ಕರೆ ಮಾಡಿಸಿ ರಕ್ತಕ್ಕೆ ಬಿಡಿಸುತ್ತೆ, ಬಿಪಿ ಏರಿಸುತ್ತೆ, ಆ ಕ್ಷಣಕ್ಕೆ ಅರ್ಜೆಂಟ್ ಇಲ್ಲದ ಕೆಲಸಗಳನ್ನ ಅಂದ್ರೆ ಜೀರ್ಣ, ಮುಟ್ಟು, ಗಾಯ ಮಾಯಿಸೋದು ಇವನ್ನೆಲ್ಲಾ ಆಮೇಲೆ ನೋಡೋಣ ಅಂತ ಪಕ್ಕಕ್ಕಿಡುತ್ತೆ. ಗಾಬರಿ ಕಳೆದ್ಮೇಲೆ ಎಲ್ಲಾ ಇಳಿಬೇಕು. ನಿಮಗೆ ನಾಲ್ಕು ವರ್ಷದಿಂದ ಇಳಿಯೋಕೆ ಪುರುಸೊತ್ತೇ ಸಿಕ್ಕಿಲ್ಲ. ಕಾರ್ಟಿಸಾಲ್ ಮಧ್ಯರಾತ್ರಿ ಹೊತ್ತಿಗೆ ತೀರಾ ಕಮ್ಮಿ ಇರಬೇಕು, ನೀವು ಆ ಹೊತ್ತಲ್ಲೇ ಎದೆ ಹೊಡ್ಕೊಂಡು ಎದ್ದು ಓಡ್ತಿದ್ದೀರ.

ಹಾರ್ಟ್ ವಿಷಯಾನೂ ಹೇಳ್ತೀನಿ, ಹೆದರಿಸೋಕಲ್ಲ. 2004ರಲ್ಲಿ 52 ದೇಶಗಳದ್ದು ಇಂಟರ್‌ಹಾರ್ಟ್ ಅಂತ ದೊಡ್ಡ ಸ್ಟಡಿ ಬಂತು, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದ್ರಲ್ಲಿದ್ರು. ಮನೇದೋ ಕೆಲಸದ್ದೋ ಒತ್ತಡ ಯಾವಾಗ್ಲೂ ಇದೆ ಅಂದವರಿಗೆ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ಅದಕ್ಕೇ ಹೇಳ್ತೀನಿ, ಬಿಪಿ ಮಾತ್ರೆ ಇವತ್ತೇ ಶುರು ಮಾಡಿ. ಜೀವಮಾನ ಪೂರ್ತಿ ಬೇಕಾ ಬೇಡ್ವಾ ಅನ್ನೋದು ಆಮೇಲಿನ ಮಾತು, ಕಮ್ಮಿ ಆದ್ರೆ ಡಾಕ್ಟ್ರೇ ಇಳಿಸ್ತಾರೆ. 154/98 ಇಟ್ಕೊಂಡು ರಾತ್ರಿಯೆಲ್ಲಾ ಎದ್ದು ಓಡಾಡೋದನ್ನ ನಾನಂತೂ ಒಪ್ಪಲ್ಲ.

ಇನ್ನೊಂದು ಮಾತು, ಎಲ್ಲಾನೂ ಸ್ಟ್ರೆಸ್ ತಲೆಗೇ ಕಟ್ಟಬೇಡಿ. ಐದು ವಾರ ಮಾಯದ ಗಾಯ ಅಂದ್ರೆ ಶುಗರ್ ನೋಡಲೇಬೇಕು, ಬರೀ ಫಾಸ್ಟಿಂಗ್ ಅಲ್ಲ, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಮಾಡ್ಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ. ಅತ್ತೆ ಬಟ್ಟೆ, ಹಾಸಿಗೆ ಎಲ್ಲಾ ನೀವೇ ಒಗೀತೀರ ಅಲ್ವಾ? ಬೆರಳು ದಿನಾ ನೀರಲ್ಲಿ ನೆನೀತಿದ್ರೆ ಹೇಗೆ ಕೂಡ್ಕೊಳುತ್ತೆ? ಗ್ಲೌಸ್ ಹಾಕ್ಕೊಳಿ. ಆಮೇಲೆ ಅತ್ತೆಗೆ ಇದ್ದಕ್ಕಿದ್ದಂಗೆ ಗಲಾಟೆ ಜಾಸ್ತಿ ಆಗಿದ್ರೆ ಯೂರಿನ್ ಟೆಸ್ಟ್ ಮಾಡ್ಸಿ, ವಯಸ್ಸಾದವರಲ್ಲಿ ಯೂರಿನ್ ಇನ್ಫೆಕ್ಷನ್ ಒಳಗೊಳಗೇ ಇದ್ದು ತಲೆ ಕೆಟ್ಟಂಗೆ ಆಡಿಸುತ್ತೆ, ವಾರ್ಡಲ್ಲಿ ಬೇಕಾದಷ್ಟು ಸಲ ನೋಡಿದ್ದೀನಿ.

ಮೇಷ್ಟ್ರು ಹೇಳಿದ ಉಸಿರಾಟ ಒಳ್ಳೇದೇ, ಆದ್ರೆ ನಿಮಗೆ ಬೇಕಾಗಿರೋದು ಹಾಲು ಕಾಯೋ ಅಷ್ಟು ಹೊತ್ತಲ್ಲಿ ಮಾಡೋದು. ಒಲೆ ಮುಂದೆ ನಿಂತೇ, ನಾಲ್ಕು ಎಣಿಸೋ ತನಕ ಮೂಗಲ್ಲಿ ಎಳ್ಕೊಳಿ, ಆರು ಎಣಿಸೋ ತನಕ ನಿಧಾನ ಬಿಡಿ. ನಿಮಿಷಕ್ಕೆ ಆರು ಉಸಿರು ಆಗುತ್ತೆ. ಹಾಲು ಉಕ್ಕೋಕೆ ಮುಂಚೆ ಒಂದಿಪ್ಪತ್ತು ಸಲ ಆಗುತ್ತೆ, ಎದೆ ಬಡಿತ ಇಳಿಯೋದು ನಿಮಗೇ ಗೊತ್ತಾಗುತ್ತೆ. ಇದ್ರಿಂದ ಅತ್ತೆ ರಾತ್ರಿ ಏಳೋದು ನಿಲ್ಲಲ್ಲ. ಅದಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು.

ಧಾರವಾಡದಾಂವ

ಅಕ್ಕಾರ, ನಮ್ಮಪ್ಪ ಆರು ವರ್ಷ ಇದರಾಗ ಇದ್ರು. ನಿಮ್ಮ ಹಂಗ ನಾನೂ ಒಮ್ಮೆ ಸಿಟ್ಟಿನ ಭರದಾಗ ಅವರ ಮ್ಯಾಲ ಕೈ ಎತ್ತಿದ್ದೆ, ಹೊಡೀಲಿಲ್ಲ, ಆದ್ರ ಅವರ ಕಣ್ಣು ಇನ್ನೂ ನನ್ನ ಮುಂದ ಬರ್ತಾವ. ಅದಕ್ಕ ನಿಮ್ಮ ಅಳು ನಂಗ ಗೊತ್ತಾಗ್ತದ. ನೀವು ಕೆಟ್ಟವರಲ್ರಿ, ನಿದ್ದಿ ಇಲ್ದ ಮನಷಾಗ ಹಂಗ ಆಗ್ತದ.

ನಾ ಕಲ್ತದ್ದು ಒಂದ ಹೇಳ್ತೀನಿ. ಸಂಜಿ ಐದಾತು ಅಂದ್ರ ಸಾಕು, ನಮ್ಮಪ್ಪ ಚೀಲ ಹಿಡ್ಕೊಂಡು ಬಾಗಲ್ದಾಗ ನಿಲ್ತಿದ್ರು, ‘ಮನಿಗೆ ಹೋಗ್ತೀನಿ’ ಅಂತ. ಹೊತ್ತು ಮುಳುಗೂ ಮುಂದ ಈ ಕಾಯಿಲೆಯವರಿಗೆ ಗಾಬರಿ ಹೆಚ್ಚಾಗ್ತದ. ನಾ ಎರಡು ವರ್ಷ ಅವರ ಕೂಡ ವಾದ ಮಾಡಿದೆ, ‘ಅಪ್ಪಾ ಇದ ನಿಮ್ಮ ಮನಿ, ನೀವ ಕಟ್ಟಿಸಿದ್ದು’ ಅಂತ. ಅವರು ಒಪ್ತಿದ್ದಿಲ್ಲ, ನನ್ನ ತಲಿ ಸಿಡೀತಿತ್ತು, ಇಬ್ಬರೂ ಒದರಾಡಿ ರಾತ್ರಿ ಊಟ ಬಿಡ್ತಿದ್ವಿ. ಆಮ್ಯಾಲೆ ಒಬ್ಬ ಡಾಕ್ಟರ್ ಬಾಯಿ ಹೇಳಿದ್ರು, ತಿದ್ದಬ್ಯಾಡ್ರಿ ಅಂತ. ಮರುದಿನ ಅವರು ಚೀಲ ಹಿಡಿದ ಕೂಡ್ಲೆ ನಾ ‘ನಡೀರಿ ಹೋಗೂಣು’ ಅಂದೆ. ಗೇಟ್ ದಾಟಿ, ಹಣಮಪ್ಪನ ಗುಡಿ ಸುತ್ತ ಹಾಕಿ, ಹೊಳ್ಳಿ ಬಂದ್ವಿ. ಬಾಗಲ ಮುಂದ ನಿಂತು ‘ಬಂತ್ ನೋಡ್ರಿ ಮನಿ’ ಅಂದೆ. ಹೌದಲ್ಲೋ ಅಂದು ಒಳಗ ಬಂದು ಚಾ ಕುಡುದ್ರು. ಅವತ್ತು ನಾ ಎಷ್ಟು ಹಗುರ ಆದೆ ಅಂದ್ರ ಹೇಳಾಕ ಆಗಂಗಿಲ್ರಿ. ನಂಗೂ ಅರ್ಧಾ ತಾಸು ನಡದಾಂಗ ಆತು.

ನಿಮ್ಮತ್ತಿಯವರು ಬಳಿ ಕಳವಾತು ಅಂದ್ರ ನಾ ತಗೊಂಡಿಲ್ಲ ಅನಬ್ಯಾಡ್ರಿ. ‘ಅಯ್ಯೋ ಹೌದಾ, ಬರ್ರಿ ಇಬ್ಬರೂ ಕೂಡಿ ಹುಡುಕೂಣು’ ಅನ್ರಿ. ಅಗ್ಗದ ಬಳಿ ಎರಡು ಜೋಡಿ ಅವರ ಟ್ರಂಕಿನ್ಯಾಗ ಇಟ್ಟಿರ್ರಿ. ಸಂಜಿ ಆಗೂ ಮೊದ್ಲ ಲೈಟ್ ಎಲ್ಲಾ ಹಚ್ಚಿಬಿಡ್ರಿ, ಪಾಯಖಾನಿ ಬಾಗಲ ಮ್ಯಾಲ ರಾತ್ರಿಯೆಲ್ಲಾ ಒಂದು ಸಣ್ಣ ಬಲ್ಬ್ ಇರ್ಲಿ. ಹೊರಗಿನ ಬಾಗಲಿಗೆ ಚಿಲಕಾ ಕಣ್ಣಿಗೆ ಬೀಳಲಾರದ ಕಡೆ ಹಾಕಸ್ರಿ, ಆಗ ಅಷ್ಟರ ನಿದ್ದಿ ಬರ್ತದ ನಿಮಗ.

ವಾರ್ಡ್_ನರ್ಸ್_ಶಿವಮೊಗ್ಗ

ಅಣ್ಣ ಹೇಳಿದ್ದು ಬಂಗಾರದಂಥ ಮಾತು. ಇನ್ನೊಂದು ಸೇರಿಸ್ತೀನಿ ಅಕ್ಕ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, 2022ರ ಅಕ್ಟೋಬರ್‌ನಿಂದ ಇದೆ, ನಿಮ್ಹಾನ್ಸ್ ಉಸ್ತುವಾರಿ. ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಎರಡು ಗಂಟೆಗೂ ಮಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ಅನ್ಕೋಬೇಡಿ, ಅಡುಗೆಮನೇಲಿ ಒಬ್ಬರೇ ಕೂತು ಅಳೋ ಹೊತ್ತಿಗೇ ಇರೋದು ಅದು. ಬೆಂಗಳೂರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಮರೆವಿನ ಕಾಯಿಲೆಯವರಿಗೇ ಅಂತ ಡೇ ಕೇರ್ ನಡೆಸ್ತಾರೆ, ಅತ್ತೆ ಮೈದುನನ ಮನೇಲಿ ಸ್ವಲ್ಪ ದಿನ ಇರೋ ಹಾಗಾದ್ರೆ ಅದು ಅನುಕೂಲ.

ದೂರದೂರಿನ_ಮಗ

ನಾನು ನ್ಯೂಜೆರ್ಸಿಯಲ್ಲಿರೋದು. ಊರಲ್ಲಿ ಅಮ್ಮನ್ನ ನೋಡ್ಕೊಳೋದು ಅತ್ತಿಗೆ. ಪ್ರತಿ ಭಾನುವಾರ ಫೋನ್ ಮಾಡಿ ‘ಅಮ್ಮ ಹೇಗಿದ್ದಾರೆ’ ಅಂತ ಕೇಳ್ತೀನಿ, ಇಷ್ಟು ವರ್ಷದಲ್ಲಿ ‘ನೀವು ಹೇಗಿದ್ದೀರ ಅತ್ತಿಗೆ’ ಅಂತ ಕೇಳಿದ್ದು ನೆನಪಿಲ್ಲ. ನಿಮ್ಮ ಪೋಸ್ಟ್ ಓದಿ ನಿನ್ನೆ ಕೇಳಿದೆ. ಮಂಡಿನೋವಿಗೆ ಎಂಟು ತಿಂಗಳಿಂದ ತೋರಿಸಿಕೊಂಡಿಲ್ಲವಂತೆ. ರಾತ್ರಿ ಪಾಳಿಗೆ ಒಬ್ಬರು ಅಟೆಂಡರ್ ಇಡೋಕೆ ಈ ತಿಂಗಳಿಂದ ದುಡ್ಡು ಕಳಿಸ್ತೀನಿ ಅಂದೆ, ಡಿಸೆಂಬರ್‌ನಲ್ಲಿ ಮೂರು ವಾರ ನಾನೇ ಬಂದಿರ್ತೀನಿ. ನಿಮ್ಮ ಮೈದುನನಿಗೆ ಬಾಯಿಬಿಟ್ಟು ಹೇಳಿ, ದೂರ ಇರೋ ನಮ್ಮಂಥವರಿಗೆ ಹೇಳದಿದ್ರೆ ಗೊತ್ತಾಗಲ್ಲ, ತಪ್ಪು ನಮ್ಮದೇ.

ಸರಸ್ವತಿಪುರಂ_ಸೊಸೆ

ಏಳು ವಾರ ಆದ್ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಎಚ್‌ಬಿಎ1ಸಿ 6.1 ಬಂತು, ಶುಗರ್ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿದೆ ಅಂದ್ರು. ಹಿಮೋಗ್ಲೋಬಿನ್ 9.4, ಅದಕ್ಕೆ ಐರನ್ ಮಾತ್ರೆ. ಬಿಪಿ ಮಾತ್ರೆ ಶುರು ಮಾಡಿದೆ.

ಮನೆಯವರಿಗೆ ಹೇಗೆ ಹೇಳೋದು ಅಂತ ಬಾಯೇ ಬರ್ತಿರ್ಲಿಲ್ಲ. ನಮ್ಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರಿಯೋ ಜಾಗ ಇದ್ಯಲ್ಲ, ಅದರ ಪಕ್ಕದಲ್ಲೇ ರಾತ್ರಿ ನಾನು ಎದ್ದಾಗೆಲ್ಲಾ ಒಂದೊಂದು ಗೀಟು ಹಾಕ್ತಾ ಹೋದೆ. ತಿಂಗಳಿಗೆ 131 ಗೀಟಾಯ್ತು. ಅದರ ಫೋಟೋ ತೆಗೆದು ನಾದಿನಿಗೂ ಮೈದುನನಿಗೂ ಕಳಿಸಿದೆ, ಒಂದಕ್ಷರ ಬರೀಲಿಲ್ಲ. ನಾದಿನಿ ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ, ‘ಅತ್ತಿಗೆ ಇದೇನು ಹಾಲು ಇಷ್ಟು ತಗೋತೀರಾ’ ಅಂದ್ರು, ಹೇಳಿದ್ಮೇಲೆ ಸುಮಾರು ಹೊತ್ತು ಮಾತಾಡ್ಲಿಲ್ಲ. ಆ ಶನಿವಾರನೇ ಬಂದ್ರು, ಹದಿನೈದು ದಿನ ಇದ್ರು. ನಾನು ನಂಜನಗೂಡಿಗೆ ಅಕ್ಕನ ಮನೆಗೆ ಹೋದೆ. ಮೊದಲನೇ ರಾತ್ರಿ ಅಭ್ಯಾಸಬಲ, ಮೂರು ಸಲ ಎದ್ದು ಕೂತೆ. ನಾಲ್ಕನೇ ದಿನ ಬೆಳಗ್ಗೆ ಅಕ್ಕ ಕಾಫಿ ತಂದು ಎಬ್ಬಿಸಿದಾಗ ಒಂಬತ್ತೂ ಕಾಲು.

ಈಗ ಭಾನುವಾರ ಮಧ್ಯಾಹ್ನ ಮೂರರಿಂದ ಏಳರ ತನಕ ಯಜಮಾನ್ರು ನೋಡ್ಕೊತಾರೆ, ಅತ್ತೆ ಏನೇ ಮಾಡಿದ್ರೂ ನನ್ನನ್ನ ಕರೆಯೋ ಹಾಗಿಲ್ಲ ಅಂತ ಮಾತಾಗಿದೆ. ವಾರಕ್ಕೆ ನಾಲ್ಕು ರಾತ್ರಿ ಒಬ್ಬರು ಹೆಂಗಸು ಬರ್ತಾರೆ, ದುಡ್ಡು ಮೈದುನನದು. ಹಾಲು ಕಾಯೋ ಉಸಿರಾಟ ಬಿಟ್ಟಿಲ್ಲ. ಮೇಷ್ಟ್ರೇ, ಭಾನುವಾರ ಯೋಗಾನೂ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಬಿಪಿ ಮೊನ್ನೆ 136/86. ಬೆರಳು ಮಾಯ್ದಿದೆ, ತೆಳ್ಳಗೆ ಬಿಳಿ ಗೆರೆ ಇದೆ ಅಷ್ಟೇ. ಅತ್ತೆ ಅದನ್ನ ನೋಡಿ ‘ಏನಾಯ್ತೇ ಮಗು’ ಅಂತ ಬೆರಳು ಹಿಡ್ಕೊಂಡು ಊದಿದ್ರು.

ಧಾರವಾಡದ ಅಣ್ಣಾ, ಬಳೆ ಹುಡುಕೋದು ಚೆನ್ನಾಗಿ ಕೆಲಸ ಮಾಡ್ತಿದೆ. ಬಾಗಿಲ ಚಿಲಕ ಎಲ್ಲಿ ಹಾಕ್ಸಿದ್ರಿ? ಮೇಲಾ ಕೆಳಗಾ? ನಾಳೆ ಬಡಗಿ ಬರ್ತಾನೆ.

ಧಾರವಾಡದಾಂವ

ಭಾಳ ಖುಷಿ ಆತ್ರಿ ಅಕ್ಕಾರ. ನಾವು ಮ್ಯಾಲ ಹಾಕ್ಸಿದ್ವಿ, ಚೌಕಟ್ಟಿನ ತುದಿಗೆ, ಅಪ್ಪ ತಲಿ ಎತ್ತಿ ಅಲ್ಲಿ ನೋಡ್ತಿದ್ದಿಲ್ಲ. ಆದ್ರ ನಿಮ್ಮ ಕೈಗೆ ಕತ್ತಲದಾಗೂ ಸಿಗಬೇಕು, ಬೆಂಕಿ ಗಿಂಕಿ ಆದ್ರ ತಡಕಾಡೂ ಹಂಗ ಆಗಬಾರ್ದು. ಬಾಗಲಿಗೆ ಒಂದು ಸಣ್ಣ ಗಂಟಿನೂ ಕಟ್ಟಿಸ್ರಿ.